ಒಂದೇ ಮಳೆ ಪುಸ್ತಕ, ನಾಲ್ಕು ಮೊತ್ತ

ಮಡಿಕೇರಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ನಡೆದ ಪ್ರಕರಣ ಇದು. ಒಂಬತ್ತನೇ ತರಗತಿಗೆ ಕೊಟ್ಟಿದ್ದ ಕೆಲಸ ಕೇಳಲು ಸುಲಭವಾಗಿತ್ತು. ವಿದ್ಯಾರ್ಥಿಯೊಬ್ಬನ ಅಜ್ಜ ಬರೆದಿಟ್ಟ ಮಳೆ ಪುಸ್ತಕದ ಜುಲೈ ಪುಟವನ್ನು ಕಂಪ್ಯೂಟರಿನ ಲೆಕ್ಕದ ಹಾಳೆಯಾದ ಎಕ್ಸೆಲ್‌ಗೆ ಏರಿಸಿ ತಿಂಗಳ ಒಟ್ಟು ಮಳೆ ಕಂಡುಹಿಡಿಯಬೇಕು. ಕೆಲಸ ಮಾಡುವ ಕಂಪ್ಯೂಟರ್ ನಾಲ್ಕು, ಒಂದೊಂದಕ್ಕೆ ಒಂದು ಗುಂಪು. ಒಬ್ಬರು ಪುಟ ನೋಡಿ ಓದುವುದು, ಒಬ್ಬರು ಟೈಪ್ ಮಾಡುವುದು, ಉಳಿದವರು ತಪ್ಪು ಹುಡುಕುವುದು.

ಅವಧಿ ಮುಗಿಯುವಷ್ಟರಲ್ಲಿ ನಾಲ್ಕು ಪರದೆಯ ಮೇಲೆ ನಾಲ್ಕು ಉತ್ತರಗಳಿದ್ದವು. ಮೊದಲನೆಯದರಲ್ಲಿ ಲಕ್ಷಗಳ ಲೆಕ್ಕದ ಒಂದು ಸಂಖ್ಯೆ. ಎರಡನೆಯದರಲ್ಲಿ 40.13, ಮೂರನೆಯದರಲ್ಲಿ 29.17, ನಾಲ್ಕನೆಯದರಲ್ಲಿ 39.87. ಪುಟದ ಕೊನೆಯಲ್ಲಿ ಅಜ್ಜ ಕೈಲೆಕ್ಕ ಮಾಡಿ ಬರೆದಿದ್ದದ್ದು 38-42, ಅಂದರೆ 38 ಇಂಚು 42 ಸೆಂಟು.

"ಸರ್, ಅಜ್ಜನ ಲೆಕ್ಕವೇ ತಪ್ಪಿರಬಹುದು" ಎಂದ ಒಬ್ಬ. ಕಂಪ್ಯೂಟರ್ ತಪ್ಪುವುದಿಲ್ಲ ಎಂಬ ನಂಬಿಕೆ ಮಕ್ಕಳಲ್ಲಿ ಅಷ್ಟು ಗಟ್ಟಿ. ಈ ಪ್ರಕರಣದಲ್ಲಿ ನಾಲ್ಕೂ ಕಂಪ್ಯೂಟರ್ ಕೂಡಿಸಿದ್ದು ಸರಿಯಾಗಿಯೇ ಇತ್ತು. ಅವು ಏನನ್ನು ಕೂಡಿಸಿದವು ಎಂಬುದೇ ಪ್ರಶ್ನೆ.

ಪುಸ್ತಕದ ರೀತಿ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಹಳೆಯದು. ಕಾಫಿಯ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದರ ಹಿಂದಿನಿಂದ ಮತ್ತೊಂದು ಮಳೆ ಬಂತೇ ಎಂಬುದರ ಮೇಲೆ ತೋಟದ ಮುಂದಿನ ಕೆಲಸ ನಿಂತಿರುತ್ತದೆ. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಮಾತಾಡಿದರೂ ತೋಟದವರ ಬಾಯಲ್ಲಿ ಈಗಲೂ ಇಂಚು, ಸೆಂಟು. ಒಂದು ಇಂಚಿಗೆ 100 ಸೆಂಟು. ಒಂದು ಇಂಚು ಎಂದರೆ 25.4 ಮಿಲಿಮೀಟರ್. ಪುಸ್ತಕದಲ್ಲಿ ಬರೆಯುವುದು ನಡುವೆ ಅಡ್ಡಗೆರೆ ಹಾಕಿ: 2-35 ಎಂದರೆ 2 ಇಂಚು 35 ಸೆಂಟು, 1-5 ಎಂದರೆ 1 ಇಂಚು 5 ಸೆಂಟು. ಮಳೆಯಿಲ್ಲದ ದಿನಕ್ಕೆ 'ಇಲ್ಲ' ಎಂದು ಬರೆದಿತ್ತು. ಆ ಜುಲೈಯಲ್ಲಿ ಅಂಥ ದಿನ ಎರಡೇ.

ಮನುಷ್ಯನಿಗೆ ಈ ಬರಹದಲ್ಲಿ ಯಾವ ಗೊಂದಲವೂ ಇಲ್ಲ. ಎಕ್ಸೆಲ್‌ಗೆ ಇದೆ.

(ಕೆಳಗೆ ಸೂತ್ರಗಳ ಹೆಸರನ್ನು, ಕಾಲಂ ಅಕ್ಷರಗಳನ್ನು ಕನ್ನಡದಲ್ಲಿ ಬರೆದಿದೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಎಲ್ಲ ಗುಂಪಿನಲ್ಲೂ ಎ ಕಾಲಂನಲ್ಲಿ ತಾರೀಕು, ಬಿ ಕಾಲಂನಲ್ಲಿ ಮಳೆ. ಮೊದಲ ಸಾಲು ತಲೆಬರಹಕ್ಕೆ ಹೋಗಿ 1ನೇ ತಾರೀಕು ಎರಡನೇ ಸಾಲಿನಲ್ಲಿ, 31ನೇ ತಾರೀಕು 32ನೇ ಸಾಲಿನಲ್ಲಿ. ಮೊತ್ತದ ಸೂತ್ರ =ಸಮ್(ಬಿ2:ಬಿ32), ಎಂದರೆ ಬಿ2ರಿಂದ ಬಿ32ರವರೆಗೆ ಇರುವುದನ್ನು ಕೂಡಿಸು; ಅದನ್ನು ಪಕ್ಕದ ಡಿ2 ಕೋಶದಲ್ಲಿ, ಅಂದರೆ ಡಿ ಕಾಲಂನ ಎರಡನೇ ಸಾಲಿನ ಚೌಕದಲ್ಲಿ, ಬರೆದಿದ್ದರು.)

ಮೊದಲ ಕಂಪ್ಯೂಟರ್: ಮಳೆ ತಾರೀಕಾಯಿತು

ಮೊದಲ ಗುಂಪು ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೊಡೆದಿತ್ತು. 1-5 ಎಂದು ಹೊಡೆದು ಎಂಟರ್ ಒತ್ತಿದರೆ ಕೋಶದಲ್ಲಿ ಕಾಣಿಸಿದ್ದು ಮೇ 1. ಎರಡು ಅಂಕಿಗಳ ನಡುವೆ ಅಡ್ಡಗೆರೆ ಕಂಡರೆ ಎಕ್ಸೆಲ್ ಅದನ್ನು ತಾರೀಕೆಂದೇ ತಿಳಿಯುತ್ತದೆ. ಭಾರತದ ತಾರೀಕು ಕ್ರಮ ಇರುವ ಯಂತ್ರದಲ್ಲಿ 1-5 ಮೇ 1 ಆಗುತ್ತದೆ. ಅಮೆರಿಕದ ಕ್ರಮ ಇದ್ದರೆ ಅದೇ ಜನವರಿ 5. 2-35 ಅನ್ನು ದಿನ-ತಿಂಗಳು ಎಂದು ಓದಲು ಆಗುವುದಿಲ್ಲ, 35ನೇ ತಿಂಗಳೂ ಇಲ್ಲ, 35ನೇ ದಿನವೂ ಇಲ್ಲ. ಆಗ ಎಕ್ಸೆಲ್ ಅದನ್ನು ತಿಂಗಳು-ವರ್ಷ ಎಂದು ಓದುತ್ತದೆ: ಈ ಯಂತ್ರದಲ್ಲಿ 1935ರ ಫೆಬ್ರವರಿ. 0-85ರಂಥದ್ದಕ್ಕೆ ಯಾವ ತಾರೀಕೂ ಹೊಂದುವುದಿಲ್ಲ, ಸೊನ್ನೆಯ ತಿಂಗಳಿಲ್ಲವಲ್ಲ; ಅದು ಬರಿಯ ಪಠ್ಯವಾಗಿ ಉಳಿಯಿತು.

ಮೊತ್ತ ಲಕ್ಷಕ್ಕೆ ಏರಿದ್ದು ಯಾಕೆ? ಎಕ್ಸೆಲ್ ತಾರೀಕನ್ನು ಒಳಗೆ ಒಂದು ಸಂಖ್ಯೆಯಾಗಿ ಇಡುತ್ತದೆ. 1900ರ ಜನವರಿ 1ಕ್ಕೆ 1, ಅಲ್ಲಿಂದ ದಿನಕ್ಕೆ ಒಂದೊಂದು ಹೆಚ್ಚು. 1935ರ ಫೆಬ್ರವರಿ 1 ಎಂದರೆ 12816. 2024ರಲ್ಲಿ 1-5 ಎಂದು ಹೊಡೆದರೆ ಅದು 2024ರ ಮೇ 1, ಎಂದರೆ 45413. ಒಂದು ಇಂಚು ಐದು ಸೆಂಟಿನ ಮಳೆ ನಲವತ್ತೈದು ಸಾವಿರದ ನಾನೂರ ಹದಿಮೂರಾಗಿ ಮೊತ್ತಕ್ಕೆ ಸೇರಿತು. ಹೋಂ ಟ್ಯಾಬ್‌ನಲ್ಲಿ ಕೋಶದ ಫಾರ್ಮ್ಯಾಟನ್ನು 'ಜನರಲ್' ಮಾಡಿದಾಗ ಈ ಸಂಖ್ಯೆಗಳು ಹೊರಗೆ ಬಂದವು.

ಇಲ್ಲಿ ಮಕ್ಕಳು ಮಾಡುವ ಮೊದಲ ಪ್ರಯತ್ನ ಫಾರ್ಮ್ಯಾಟ್ ಬದಲಿಸಿ 1-5ನ್ನು ವಾಪಸ್ ತರುವುದು. ಅದು ಬರುವುದಿಲ್ಲ. ಫಾರ್ಮ್ಯಾಟ್ ಎಂಬುದು ತೋರಿಸುವ ಬಗೆ ಮಾತ್ರ. ಒಳಗಿನ ಬೆಲೆ ಎಂಟರ್ ಒತ್ತಿದ ಕ್ಷಣದಲ್ಲೇ ಬದಲಾಗಿ ಹೋಗಿದೆ. ಮತ್ತೆ ಟೈಪ್ ಮಾಡುವುದೇ ಸುಲಭದ ದಾರಿ. ಕಾಲಂ ಅನ್ನು ಮೊದಲೇ 'ಟೆಕ್ಸ್ಟ್' ಎಂದು ಗೊತ್ತುಮಾಡಿದರೆ, ಅಥವಾ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ ಹೊಡೆದರೆ 1-5 ಹಾಗೇ ನಿಲ್ಲುತ್ತದೆ, ಆದರೆ ಕೂಡಿಸಲು ಬಾರದು.

ಎರಡನೆಯದು: ನಂಬುವಂಥ ತಪ್ಪು

ಮೊದಲ ಗುಂಪಿನ ಉತ್ತರ ನೋಡಿದವರಿಗೆ ಕೂಡಲೇ ನಗು ಬರುತ್ತದೆ, ಹಾಗಾಗಿ ಅದರಿಂದ ಅಪಾಯ ಕಡಿಮೆ. 40.13ರ ಬಗ್ಗೆ ಯಾರೂ ನಗುವುದಿಲ್ಲ. ಜುಲೈಯಲ್ಲಿ ಮಡಿಕೇರಿ ಕಡೆ ನಲವತ್ತು ಇಂಚು ಬಿತ್ತು ಎಂದರೆ ಊರಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಜ್ಜನ ಕೈಲೆಕ್ಕ ಪುಟದ ಕೊನೆಯಲ್ಲಿ ಇಲ್ಲದಿದ್ದರೆ ಇದೇ ಉತ್ತರ ಗೋಡೆಯ ಚಾರ್ಟ್ ಮೇಲೆ ಏರುತ್ತಿತ್ತು.

ಈ ಗುಂಪು ಜಾಣತನದಿಂದ ಅಡ್ಡಗೆರೆ ಬಿಟ್ಟು ಚುಕ್ಕಿ ಹಾಕಿತ್ತು. 2-35 ಎಂಬುದು 2.35 ಆಯಿತು, ಸರಿ. 1-5 ಎಂಬುದು 1.5 ಆಯಿತು, ಅದು ತಪ್ಪು. ಐದು ಸೆಂಟು ಎಂದರೆ ನೂರರಲ್ಲಿ ಐದು, ಹಾಗಾಗಿ 1.05 ಆಗಬೇಕು, 1.5 ಎಂದರೆ 1 ಇಂಚು 50 ಸೆಂಟು. ಓದುವ ಹುಡುಗಿ "ಒಂದು ಪಾಯಿಂಟ್ ಐದು" ಎಂದೇ ಓದಿದ್ದಳು, ಟೈಪ್ ಮಾಡುವವನು ಕೇಳಿದ್ದನ್ನೇ ಹೊಡೆದ. ಹಾಕಿಯ ನಾಡಾದರೂ ಕ್ರಿಕೆಟ್ ಲೆಕ್ಕ ಎಲ್ಲ ಮಕ್ಕಳಿಗೂ ಗೊತ್ತು: 4.5 ಓವರ್ ಎಂದರೆ ನಾಲ್ಕು ಓವರ್ ಐದು ಎಸೆತ, ನಾಲ್ಕೂವರೆ ಓವರ್ ಅಲ್ಲ. ಅಲ್ಲಿ ಚುಕ್ಕಿ ಇದ್ದರೂ ಅದು ದಶಮಾಂಶವಲ್ಲ. ಪುಸ್ತಕದ ಅಡ್ಡಗೆರೆಯೂ ಹಾಗೆಯೇ.

ಆ ತಿಂಗಳಲ್ಲಿ ಸೆಂಟು ಒಂಟಿ ಅಂಕಿಯಲ್ಲಿದ್ದ ದಿನ ಮೂರು: 1-5, 2-8, 0-6. ಅವು 1.05, 2.08, 0.06 ಆಗುವ ಬದಲು 1.5, 2.8, 0.6 ಆಗಿದ್ದವು. ಹೆಚ್ಚಾದದ್ದು 0.45, 0.72, 0.54, ಒಟ್ಟು 1.71. ಅಜ್ಜನ 38.42ಕ್ಕೆ ಇದನ್ನು ಸೇರಿಸಿದರೆ ಸರಿಯಾಗಿ 40.13.

ಮೂವತ್ತೊಂದು ಸಾಲನ್ನೂ ಮತ್ತೆ ಓದದೆ ಇದನ್ನು ಹಿಡಿಯಲು ಲೆಕ್ಕ ಬರೆಯುವವರ ಒಂದು ಹಳೆಯ ಉಪಾಯವಿದೆ. ಎರಡು ಮೊತ್ತದ ವ್ಯತ್ಯಾಸವನ್ನು ಸೆಂಟಿನಲ್ಲಿ ತೆಗೆದುಕೊಂಡು 9ರಿಂದ ಭಾಗಿಸಿ ನೋಡಿ. 171 ಭಾಗಿಸು 9, ಶೇಷವಿಲ್ಲದೆ 19. ಅಂಕಿಯೊಂದು ಒಂದು ಸ್ಥಾನ ಎಡಕ್ಕೆ ಜರುಗಿದರೆ, ಅಂದರೆ 5 ಇದ್ದದ್ದು 50 ಆದರೆ, ಹೆಚ್ಚಾಗುವುದು ಅದರ ಒಂಬತ್ತರಷ್ಟು. 5, 8, 6 ಕೂಡಿದರೆ 19. 35 ಬರೆಯುವಲ್ಲಿ 53 ಎಂದು ಅದಲುಬದಲಾಗಿ ಬರೆದರೂ ವ್ಯತ್ಯಾಸ 9ರ ಗುಣಕವೇ. ಬೇರೆ ಕಾರಣಕ್ಕೂ 9ರಿಂದ ಭಾಗವಾಗಬಹುದು, ಹಾಗಾಗಿ ಇದು ಸಾಕ್ಷಿಯಲ್ಲ, ಎಲ್ಲಿ ಹುಡುಕಬೇಕೆಂಬ ಸುಳಿವು.

ಮೊತ್ತವಷ್ಟೇ ಕೆಟ್ಟಿದ್ದರೆ ಹೋಗಲಿ ಎನ್ನಬಹುದಿತ್ತು. ಹವಾಮಾನ ಇಲಾಖೆ 'ಮಳೆ ದಿನ' ಎಂದು ಎಣಿಸುವುದು 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದ ದಿನವನ್ನು, ನಮ್ಮ ಲೆಕ್ಕದಲ್ಲಿ ಸುಮಾರು 10 ಸೆಂಟು. 6 ಸೆಂಟು ಎಂದರೆ ಒಂದೂವರೆ ಮಿಲಿಮೀಟರ್ ಅಷ್ಟೇ, ಎಣಿಕೆಗೆ ಸೇರದು. ಅದೇ 0.6 ಆದಾಗ 15.24 ಮಿಲಿಮೀಟರ್. ಹಾಗಾಗಿ ಈ ಗುಂಪಿಗೆ 28ರ ಬದಲು 29 ಮಳೆ ದಿನ ಬಂದಿತ್ತು.

ಮೂರನೆಯದು: ಕಣ್ಣಿಗೆ ಸಂಖ್ಯೆ, ಕಂಪ್ಯೂಟರಿಗೆ ಪಠ್ಯ

29.17. ಒಂಬತ್ತು ಇಂಚಿನಷ್ಟು ಮಳೆಯೇ ಕಾಣೆ. ಸಾಲು ಸಾಲಾಗಿ ಪುಸ್ತಕದೊಂದಿಗೆ ಹೋಲಿಸಿದರೆ ಒಂದೂ ತಪ್ಪಿಲ್ಲ, ಸೆಂಟುಗಳೂ ಸರಿ, ಮಳೆಯಿಲ್ಲದ ಎರಡು ದಿನಕ್ಕೆ 0 ಕೂಡ ಹಾಕಿದ್ದಾರೆ. ಸ್ವಲ್ಪ ಅಚ್ಚುಕಟ್ಟಿನ ಗುಂಪು. ತೊಂದರೆ ಬಂದದ್ದು ಆ ಅಚ್ಚುಕಟ್ಟಿನಿಂದಲೇ. ಮಳೆ ಹೆಚ್ಚು ಬಿದ್ದ ಮೂರು ದಿನ ಎದ್ದು ಕಾಣಲಿ ಎಂದು ಅಂಕಿಯ ಪಕ್ಕ 'ಇಂಚು' ಎಂದು ಸೇರಿಸಿದ್ದರು: 3.10 ಇಂಚು, 2.35 ಇಂಚು, 2.95 ಇಂಚು. ಅಂಕಿಯ ಜೊತೆ ಅಕ್ಷರ ಸೇರಿದರೆ ಇಡೀ ಕೋಶ ಪಠ್ಯವಾಗುತ್ತದೆ. ಸಮ್ ಸೂತ್ರ ಪಠ್ಯವನ್ನು ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟೆ ಎಂದು ಹೇಳುವುದೂ ಇಲ್ಲ. ಅದೇ ಕೋಶವನ್ನು =ಬಿ5+ಬಿ6 ಎಂದು ಕೂಡು ಚಿಹ್ನೆಯಿಂದ ಕೂಡಿಸಿದ್ದರೆ 'ವ್ಯಾಲ್ಯೂ' ದೋಷ ತೋರಿಸುತ್ತಿತ್ತು. ಈ ಒಂದು ವಿಷಯದಲ್ಲಿ ಸಮ್‌ಗಿಂತ ಕೂಡು ಚಿಹ್ನೆ ಪ್ರಾಮಾಣಿಕ.

ಮೂರು ಸೇರಿಸಿದರೆ 8.40. ಕಾಣೆಯಾದದ್ದು 9.25. ಇನ್ನೂ 85 ಸೆಂಟು ಬಾಕಿ.

ಅದು ಸಿಕ್ಕಿದ್ದು 0.85 ಎಂದು ಕಾಣುತ್ತಿದ್ದ ಕೋಶದಲ್ಲಿ. ಹೊಡೆದವಳು ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತಿದ್ದಳು. ಕೀಲಿಮಣೆಯಲ್ಲಿ ಎರಡೂ ಹತ್ತಿರ ಹತ್ತಿರ, ಪರದೆಯ ಮೇಲೆ ಅವಳಿಜವಳಿ. ಕನ್ನಡದ ಮಕ್ಕಳಿಗೆ ಇದರ ಜೊತೆ ಮೂರನೆಯದೂ ಒಂದಿದೆ: ಕೀಲಿಮಣೆ ಕನ್ನಡದಲ್ಲಿದ್ದಾಗ ಬರುವ ನಮ್ಮ ಸೊನ್ನೆ, ೦. ಕಣ್ಣಿಗೆ ಮೂರೂ ಒಂದೇ ದುಂಡು. ಒಳಗೆ ಮಾತ್ರ ಇಂಗ್ಲಿಷ್ ಅಂಕಿ ಸೊನ್ನೆಯ ಸಂಕೇತ 48, ದೊಡ್ಡ ಓ ಅಕ್ಷರದ್ದು 79, ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ ಸೊನ್ನೆಯದು 3302. ಅನುಮಾನ ಬಂದ ಚಿಹ್ನೆಯನ್ನು ಒಂದು ಖಾಲಿ ಕೋಶಕ್ಕೆ ನಕಲು ಮಾಡಿ ಯೂನಿಕೋಡ್ ಎಂಬ ಸೂತ್ರ ಹಾಕಿದರೆ ಈ ಸಂಖ್ಯೆ ಬರುತ್ತದೆ. ಎಕ್ಸೆಲ್ 2013ರಿಂದ ಈಚೆಗೆ ಈ ಸೂತ್ರ ಇದೆ. ಕಂಪ್ಯೂಟರ್ ಆಕಾರ ನೋಡುವುದಿಲ್ಲ, ಸಂಕೇತ ನೋಡುತ್ತದೆ ಎಂಬುದನ್ನು ಪಾಠ ಹೇಳಿ ತಿಳಿಸುವುದಕ್ಕಿಂತ ಈ ಮೂರು ಸೊನ್ನೆ ಹೊಡೆದು ತೋರಿಸುವುದು ಲೇಸು.

ಸಾಮಾನ್ಯವಾಗಿ ಇಂಥದ್ದು ಕಣ್ಣಿಗೆ ಬೀಳಬೇಕು. ಎಕ್ಸೆಲ್ ಸಂಖ್ಯೆಯನ್ನು ಕೋಶದ ಬಲಕ್ಕೆ, ಪಠ್ಯವನ್ನು ಎಡಕ್ಕೆ ಇಡುತ್ತದೆ. ಎಡಕ್ಕೆ ಅಂಟಿದ 'ಸಂಖ್ಯೆ' ಕಂಡರೆ ಅದು ಸಂಖ್ಯೆಯಲ್ಲ. ಆದರೆ ಈ ಗುಂಪು ಚೆಂದಕ್ಕೆಂದು ಇಡೀ ಕಾಲಂ ಅನ್ನು ನಡುವಿಗೆ ತಂದಿತ್ತು, ಆ ಸುಳಿವೂ ಅಳಿಸಿಹೋಯಿತು. ಅಂಕಿ ತುಂಬುವಾಗ ಜೋಡಣೆಯನ್ನು ಮುಟ್ಟದಿರುವುದು ಒಳ್ಳೆಯದು, ಅಲಂಕಾರ ಕೊನೆಗೆ. (ತಾರೀಕು ಕೂಡ ಬಲಕ್ಕೇ ಕೂರುತ್ತದೆ, ಹಾಗಾಗಿ ಮೊದಲ ಗುಂಪಿಗೆ ಈ ಪರೀಕ್ಷೆಯಿಂದ ಉಪಯೋಗವಿರಲಿಲ್ಲ.)

ಜೋಡಣೆ ನಂಬುವಂತಿಲ್ಲದಾಗ ಎರಡು ಸೂತ್ರ ಸಾಕು. ಕೌಂಟ್‌ಎ ತುಂಬಿದ ಕೋಶಗಳನ್ನೆಲ್ಲ ಎಣಿಸುತ್ತದೆ, ಕೌಂಟ್ ಸಂಖ್ಯೆಗಳನ್ನು ಮಾತ್ರ. ಇಲ್ಲಿ ಕೌಂಟ್‌ಎ 31, ಕೌಂಟ್ 27. ನಾಲ್ಕು ಕೋಶ ಪಠ್ಯ. ಯಾವುವು ಎಂದು ತಿಳಿಯಲು ಪಕ್ಕದ ಕಾಲಂನಲ್ಲಿ =ಈಸ್‌ನಂಬರ್(ಬಿ2) ಬರೆದು ಕೆಳಗೆ ಎಳೆದರೆ ಪಠ್ಯವಿದ್ದ ಸಾಲಿನ ಎದುರು 'ಫಾಲ್ಸ್' ಬರುತ್ತದೆ. ಕಾಲಂ ಆಯ್ಕೆ ಮಾಡಿದಾಗ ಕೆಳಗಿನ ಪಟ್ಟಿಯಲ್ಲಿ ಕಾಣುವ 'ಕೌಂಟ್' ಸೂತ್ರದ ಕೌಂಟ್ ಅಲ್ಲ, ಅದು ಕೌಂಟ್‌ಎ. ಅಲ್ಲಿ ಮೌಸಿನ ಬಲಗುಂಡಿ ಒತ್ತಿ 'ನ್ಯೂಮರಿಕಲ್ ಕೌಂಟ್' ಎಂಬುದಕ್ಕೂ ಗುರುತು ಹಾಕಿಕೊಳ್ಳಬೇಕು.

ಸರಿಪಡಿಸಲು ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿ, 'ಇಂಚು' ಪದವನ್ನು ಅದರ ಹಿಂದಿನ ಜಾಗದ ಸಮೇತ ಹುಡುಕಿ, ಬದಲಿಗೆ ಏನೂ ಇಲ್ಲದಂತೆ ಬಿಡಬೇಕು. ಓ ಅಕ್ಷರವನ್ನು ಕೈಯಲ್ಲೇ ತಿದ್ದಿದರು. ಅಳತೆಯ ಹೆಸರು ಕಾಣಲೇಬೇಕು ಎಂದಾದರೆ ತಲೆಬರಹದಲ್ಲಿ 'ಮಳೆ, ಇಂಚು' ಎಂದು ಒಮ್ಮೆ ಬರೆದರೆ ಮುಗಿಯಿತು.

ನಾಲ್ಕನೆಯದು: ಕರೆಂಟ್ ಹೋದ ಮೇಲೆ

ಮಳೆಗಾಲದಲ್ಲಿ ಕೊಡಗಿನ ಶಾಲೆಯಲ್ಲಿ ಕರೆಂಟ್ ಹೋಗುವುದು ಸುದ್ದಿಯಲ್ಲ. ಈ ಕಂಪ್ಯೂಟರಿನ ಯುಪಿಎಸ್ ಬ್ಯಾಟರಿ ಸತ್ತಿತ್ತು. ಕೂಗಲೂ ಪುರುಸೊತ್ತಿಲ್ಲದೆ ಎಲ್ಲ ಆರಿತು. ಟೈಪ್ ಮಾಡುತ್ತಿರುವುದು ಇರುವುದು ರ‍್ಯಾಮ್‌ನಲ್ಲಿ, ವಿದ್ಯುತ್ ನಿಂತರೆ ಅದು ಖಾಲಿ. ಸೇವ್ ಮಾಡಿದ್ದು ಮಾತ್ರ ಡಿಸ್ಕಿನಲ್ಲಿ ಉಳಿಯುತ್ತದೆ. ಇವರು 12ನೇ ತಾರೀಕಿನವರೆಗೆ ಹೊಡೆದು ಒಮ್ಮೆ ಸೇವ್ ಮಾಡಿದ್ದರು. ಎಕ್ಸೆಲ್ ತಾನಾಗಿ 10 ನಿಮಿಷಕ್ಕೊಮ್ಮೆ ತೆಗೆದಿಡುವ ಪ್ರತಿಯಲ್ಲಿ 18ನೇ ತಾರೀಕಿನವರೆಗೆ ಇತ್ತು. ಮತ್ತೆ ತೆರೆದಾಗ ಎಡಬದಿಯಲ್ಲಿ ಎರಡೂ ಕಾಣಿಸಿದವು, 'ರಿಕವರ್ಡ್' ಎಂದಿದ್ದನ್ನು ಆರಿಸಿದರು. ಅಲ್ಲಿಯವರೆಗೆ ಸರಿ.

ಆಮೇಲೆ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಓದುವವನಿಗೆ ಮರೆತುಹೋಗಿ ಅವನು 18ರಿಂದಲೇ ಶುರುಮಾಡಿದ. 18ರ ಮಳೆ 2-20. ಅದು 19ನೇ ಸಾಲಿನಲ್ಲಿ ಆಗಲೇ ಇತ್ತು, ಈಗ 20ನೇ ಸಾಲಿಗೂ ಬಂತು. ಅಲ್ಲಿಂದ ಮುಂದೆ ಪ್ರತಿ ದಿನದ ಮಳೆಯೂ ಒಂದು ಸಾಲು ಕೆಳಗೆ. ತಾರೀಕುಗಳನ್ನು ಮೊದಲೇ ಎಳೆದು ತುಂಬಿದ್ದರಿಂದ 31ನೇ ತಾರೀಕಿನ ಮಳೆ 75 ಸೆಂಟು, ಎದುರಿಗೆ ತಾರೀಕಿಲ್ಲದ 33ನೇ ಸಾಲಿನಲ್ಲಿ ಹೋಗಿ ಕೂತಿತು. ಸೂತ್ರ ನೋಡುವುದು 32ನೇ ಸಾಲಿನವರೆಗೆ. 2.20 ಹೆಚ್ಚು, 0.75 ಕಡಿಮೆ, ಒಟ್ಟಿಗೆ 1.45 ಹೆಚ್ಚು: 39.87.

ಇದು ನಾಲ್ಕರಲ್ಲಿ ಅತಿ ಕಪಟಿ. ಕೌಂಟ್ ಹಾಕಿದರೆ 31, ಕೌಂಟ್‌ಎ ಹಾಕಿದರೂ 31. 145 ಒಂಬತ್ತರಿಂದ ಭಾಗವಾಗುವುದಿಲ್ಲ. ಎಲ್ಲವೂ ನಿಜವಾದ ಸಂಖ್ಯೆ. ಸಿಕ್ಕಿದ್ದು ಬಿ ಕಾಲಂನಲ್ಲಿ ನಿಂತು ಕಂಟ್ರೋಲ್ ಮತ್ತು ಕೆಳಬಾಣ ಒತ್ತಿದಾಗ. ಕರ್ಸರ್ 32ನೇ ಸಾಲಿಗೆ ಹೋಗಿ ನಿಲ್ಲಬೇಕಿತ್ತು, 33ಕ್ಕೆ ಹೋಯಿತು. ಅಲ್ಲಿಂದ ಪುಸ್ತಕದ 31, 30, 29 ಎಂದು ಹಿಂದಿನಿಂದ ಹೋಲಿಸುತ್ತ ಬಂದರೆ 18ರ ಜೋಡಿ ಹೊರಬಿತ್ತು. 20ನೇ ಸಾಲಿನಲ್ಲಿ ಬಿ ಕೋಶವನ್ನು ಮಾತ್ರ ಅಳಿಸಿ ಕೆಳಗಿನವನ್ನು ಮೇಲಕ್ಕೆ ಸರಿಸಬೇಕು: ಬಲಗುಂಡಿ, ಡಿಲೀಟ್, 'ಶಿಫ್ಟ್ ಸೆಲ್ಸ್ ಅಪ್'. ಇಡೀ ಸಾಲನ್ನು ಅಳಿಸಿದರೆ 19ರ ತಾರೀಕೂ ಹೋಗುತ್ತದೆ. ಒಂದು ಕಿರಿಕಿರಿ ಇದೆ. ಸೂತ್ರದ ವ್ಯಾಪ್ತಿಯೊಳಗಿನ ಕೋಶ ಅಳಿಸಿದ್ದರಿಂದ ಸೂತ್ರವೂ ಬಿ2:ಬಿ31ಕ್ಕೆ ಕುಗ್ಗುತ್ತದೆ. ಅದನ್ನು ಮತ್ತೆ ಬಿ32ಕ್ಕೆ ತಿದ್ದಬೇಕು, ಇಲ್ಲವಾದರೆ ಆ 75 ಸೆಂಟು ಇನ್ನೂ ಹೊರಗೇ.

ಐದು ಸಾಲಿಗೊಮ್ಮೆ ಕಂಟ್ರೋಲ್-ಎಸ್ ಒತ್ತುವ ಅಭ್ಯಾಸ, ನಿಲ್ಲಿಸಿದ ತಾರೀಕಿಗೆ ಪುಸ್ತಕದಲ್ಲಿ ಪೆನ್ಸಿಲ್ ಗುರುತು. ಮಳೆಗಾಲದ ಲ್ಯಾಬಿಗೆ ಇವೆರಡೂ ಬೇಕು.

ಸರಾಸರಿ, ಮಿಲಿಮೀಟರ್

ನಾಲ್ಕೂ ಮೊತ್ತ 38.42ಕ್ಕೆ ಬಂದ ಮೇಲೂ ಎರಡನೇ ಗುಂಪಿನ ಸರಾಸರಿ ಮಾತ್ರ ಬೇರೆ ಇತ್ತು. ಉಳಿದವರದು ದಿನಕ್ಕೆ 1.24 ಇಂಚು, ಇವರದು 1.32. ಮಳೆಯಿಲ್ಲದ ಎರಡು ದಿನವನ್ನು ಇವರು ಖಾಲಿ ಬಿಟ್ಟಿದ್ದರು. ಆವರೇಜ್ ಸೂತ್ರ ಖಾಲಿ ಕೋಶವನ್ನು ದಿನವೆಂದೇ ಎಣಿಸುವುದಿಲ್ಲ, 38.42ನ್ನು 31ರ ಬದಲು 29ರಿಂದ ಭಾಗಿಸಿತ್ತು. ಮಳೆ ಬರಲಿಲ್ಲ ಎಂದರೆ 0. ಅಳೆಯಲೇ ಇಲ್ಲ, ಮನೆಯಲ್ಲಿ ಯಾರೂ ಇರಲಿಲ್ಲ ಎಂದರೆ ಖಾಲಿ. ಎರಡೂ ಒಂದಲ್ಲ.

ಮಿಲಿಮೀಟರಿಗೆ ಬದಲಿಸುವಾಗ ಎಲ್ಲರೂ ಒಟ್ಟಿಗೆ ಎಡವಿದರು. 25.4ನ್ನು ಎಫ್1 ಕೋಶದಲ್ಲಿಟ್ಟು ಸಿ2ರಲ್ಲಿ =ಬಿ2*ಎಫ್1 ಬರೆದು ಕೆಳಗೆ ಎಳೆದರೆ ಮೊದಲ ದಿನಕ್ಕೆ ಮಾತ್ರ ಉತ್ತರ, ಉಳಿದದ್ದೆಲ್ಲ 0. ಎಳೆಯುವಾಗ ಬಿ2 ಜೊತೆ ಎಫ್1 ಕೂಡ ಎಫ್2, ಎಫ್3 ಎಂದು ಇಳಿಯುತ್ತದೆ, ಅಲ್ಲಿ ಏನೂ ಇಲ್ಲ. ಸೂತ್ರದಲ್ಲಿ ಎಫ್1 ಮೇಲೆ ಕರ್ಸರ್ ಇಟ್ಟು ಎಫ್4 ಕೀಲಿ ಒತ್ತಿದರೆ ಡಾಲರ್ ಗುರುತು ಬಂದು ಅದು ಬೀಗ ಬೀಳುತ್ತದೆ. ತಿಂಗಳ ಮಳೆ 976 ಮಿಲಿಮೀಟರ್ ಹತ್ತಿರ ಬಂತು. 3-10 ಬಿದ್ದ ದಿನ 78.74 ಮಿಲಿಮೀಟರ್, ಇಲಾಖೆಯ ಲೆಕ್ಕದಲ್ಲಿ 64.5ರಿಂದ 115.5ರವರೆಗೆ ಭಾರಿ ಮಳೆ.

ಆಗಸ್ಟ್ ಪುಟಕ್ಕೆ

ಮುಂದಿನ ಪುಟಕ್ಕೆ ಹಾಳೆಯನ್ನೇ ಬದಲಿಸಿದರು. ಇಂಚು ಬಿ ಕಾಲಂಗೆ, ಸೆಂಟು ಸಿ ಕಾಲಂಗೆ, ಬೇರೆ ಬೇರೆ. ಚುಕ್ಕಿಯೂ ಬೇಡ, ಅಡ್ಡಗೆರೆಯೂ ಬೇಡ. 1-5 ಎಂಬುದು ಒಂದರಲ್ಲಿ 1, ಇನ್ನೊಂದರಲ್ಲಿ 5. ಡಿ ಕಾಲಂನ ಸೂತ್ರ =ಇಫ್(ಕೌಂಟ್(ಬಿ2:ಸಿ2)=2, ಬಿ2+ಸಿ2/100, ""). ಎರಡೂ ಕೋಶದಲ್ಲಿ ನಿಜವಾದ ಸಂಖ್ಯೆ ಇದ್ದರೆ ಮಾತ್ರ ಉತ್ತರ, ಇಲ್ಲವಾದರೆ ಖಾಲಿ. ಓ ಅಕ್ಷರ ನುಸುಳಿದರೆ ಆ ಸಾಲು ಬಿಳಿಯಾಗಿ ಉಳಿದು ತಾನೇ ದೂರು ಕೊಡುತ್ತದೆ. ಮಿಲಿಮೀಟರ್ ಕಾಲಂಗೂ ಇದೇ ಬಗೆಯ ಇಫ್ ಬೇಕು, ಯಾಕೆಂದರೆ "" ಎಂಬ ಖಾಲಿ ಪಠ್ಯವನ್ನು 25.4ರಿಂದ ಗುಣಿಸಲು ಹೋದರೆ 'ವ್ಯಾಲ್ಯೂ' ದೋಷ ಬರುತ್ತದೆ.

ಸೆಂಟಿನ ಕಾಲಂಗೆ ಕಾವಲು ಹಾಕುವುದು ಡೇಟಾ ಟ್ಯಾಬಿನ 'ಡೇಟಾ ವ್ಯಾಲಿಡೇಶನ್'ನಲ್ಲಿ: 'ಹೋಲ್ ನಂಬರ್', 0ರಿಂದ 99. ಇಂಚಿಗೆ 0ರಿಂದ 30 ಧಾರಾಳ. ಇದರಾಚೆ ಏನು ಹೊಡೆದರೂ ಎಕ್ಸೆಲ್ ತಡೆಯುತ್ತದೆ. ಆದರೆ ಈ ಕಾವಲು ಟೈಪ್ ಮಾಡುವವರಿಗೆ ಮಾತ್ರ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ ಅಂಕಿಯನ್ನು ಅದು ಕೇಳುವುದೇ ಇಲ್ಲ, ಮಾಮೂಲಾಗಿ ಅಂಟಿಸಿದರೆ ಕಾವಲನ್ನೇ ಅಳಿಸಿಬಿಡುತ್ತದೆ. ಮನೆಯಲ್ಲಿ ಟೈಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ತಂದವರು 'ಪೇಸ್ಟ್ ಸ್ಪೆಷಲ್'ನಲ್ಲಿ 'ವ್ಯಾಲ್ಯೂಸ್' ಆರಿಸಿ ಅಂಟಿಸಬೇಕು, ಆಮೇಲೆ ಅದೇ ಡೇಟಾ ವ್ಯಾಲಿಡೇಶನ್ ಪಟ್ಟಿಯಲ್ಲಿ 'ಸರ್ಕಲ್ ಇನ್‌ವ್ಯಾಲಿಡ್ ಡೇಟಾ' ಒತ್ತಬೇಕು. ಆಗಸ್ಟ್ ಪುಟದಲ್ಲಿ ಹೀಗೆ ಒತ್ತಿದಾಗ ಸೆಂಟಿನ ಕಾಲಂನಲ್ಲಿ 112 ಎಂಬುದರ ಸುತ್ತ ಕೆಂಪು ವೃತ್ತ ಬಿತ್ತು. ಪುಸ್ತಕದಲ್ಲಿ ಇದ್ದದ್ದು 1-12, ಪಕ್ಕದ ಇಂಚಿನ ಕೋಶ ಖಾಲಿ.